ಹತ್ತಿರದ ಬೆಟ್ಟವೂ ನುಣ್ಣಗೆ

ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಯನ್ನು ಕಟ್ಟಿದ ನಮ್ಮ ಹಿರಿಯರು ಹಿಮ ಬೀಳುವ ಬೆಟ್ಟವನ್ನು ಕಂಡವರಲ್ಲವೆಂದು ನನಗೆ ತೋರುತ್ತದೆ. ಅವರು ಕಂಡದ್ದು ಮುಳ್ಳಯ್ಯನಗಿರಿ, ಕುದುರೆಮುಖ, ಬಿಳಿಗಿರಿರಂಗನ ಬೆಟ್ಟ. ದೂರದಿಂದ ನೋಡಿದರೆ ನೀಲಿಯ ರೇಷ್ಮೆ. ಹತ್ತಿರ ಹೋದರೆ ಕಲ್ಲು, ಮುಳ್ಳು, ಜಿಗಣೆ. ಹಿಮಾಲಯದ ಬೆಟ್ಟವಾದರೋ ದೂರದಿಂದಲೂ ನುಣ್ಣಗೆ, ಹತ್ತಿರ ಹೋದರೂ ನುಣ್ಣಗೆ. ಅಪಾಯವಿರುವುದೇ ಆ ನುಣುಪಿನಲ್ಲಿ. ಈ ಸತ್ಯವನ್ನು ನಾನು ಯಾವ ಗ್ರಂಥದಿಂದಲೂ ಕಲಿಯಲಿಲ್ಲ. ಕಳೆದ ಜನವರಿಯಲ್ಲಿ ಮನಾಲಿಯಿಂದ ಸೋಲಂಗ್ ಕಣಿವೆಗೆ ಹೋಗುವ ರಸ್ತೆಯಲ್ಲಿ, ಭಾವನವರ ಕಾರಿನ ಮುಂದಿನ ಆಸನದಲ್ಲಿ ಕುಳಿತು, ನಾಲ್ಕೈದು ಕ್ಷಣಗಳ ಅವಧಿಯಲ್ಲಿ ಕಲಿತೆ.

ಪ್ರಯಾಣಕ್ಕೆ ಕಾರಣಳಾದವಳು ನನ್ನ ಎಂಟು ವರ್ಷದ ಮಗಳು. ಕಾಲಿಗೆ ಉದ್ದನೆಯ ಹಲಗೆಗಳನ್ನು ಕಟ್ಟಿಕೊಂಡು ಹಿಮದ ಇಳಿಜಾರಿನಲ್ಲಿ ಜಾರುವ ಜನರನ್ನು ಅವಳು ಎಲ್ಲಿ ನೋಡಿದಳೋ ತಿಳಿಯದು. ನೋಡಿದ ದಿನದಿಂದ ನಮ್ಮ ನಡುಮನೆಯ ನೆಲದ ಮೇಲೆ ನನ್ನ ಎರಡು ಅಡಿಕೋಲುಗಳನ್ನು ಕಾಲಿಗೆ ಬಿಗಿದುಕೊಂಡು ಅಭ್ಯಾಸ ಆರಂಭವಾಯಿತು. ಅಡಿಕೋಲುಗಳೆರಡೂ ಮುರಿದ ಮೇಲೆ ನನ್ನಾಕೆ, "ನಮ್ಮಣ್ಣ ಚಂಡೀಗಢದಲ್ಲೇ ಇದ್ದಾನಲ್ಲ, ಒಂದು ಸಲ ಕರೆದುಕೊಂಡು ಹೋಗಿ ಬಂದರೆ ಆಗದೇ?" ಎಂದಳು. ಅಧ್ಯಾಪಕನ ಸಂಬಳಕ್ಕೆ ಸ್ವಿಟ್ಜರ್ಲೆಂಡ್ ನಿಲುಕದು, ಸೋಲಂಗ್ ನಿಲುಕೀತು. ರಜೆಯ ಅರ್ಜಿ ಬರೆದೆ.

ನಮ್ಮ ಭಾವನವರು ಮೈಸೂರಿನವರು. ಉದ್ಯೋಗದ ನಿಮಿತ್ತ ಚಂಡೀಗಢದಲ್ಲಿ ನೆಲೆಸಿರುವವರು. ಇಪ್ಪತ್ತು ವರ್ಷಗಳಿಂದ ಕಾರು ನಡೆಸುತ್ತಿರುವ ಅವರಿಗೆ ತಮ್ಮ ಕೈಯ ಮೇಲೆ ಅಪಾರ ವಿಶ್ವಾಸ. ಆಗುಂಬೆಯ ಹದಿನಾಲ್ಕು ತಿರುವುಗಳನ್ನು ಜಡಿಮಳೆಯಲ್ಲಿ ಇಳಿಸಿದ ಕತೆ, ಚಾರ್ಮಾಡಿಯ ಮಂಜಿನಲ್ಲಿ ಲಾರಿಯ ಹಿಂಬದಿಯ ದೀಪವನ್ನೇ ನಂಬಿ ಹತ್ತು ಮೈಲಿ ಬಂದ ಕತೆ, ಇವೆಲ್ಲ ನಮ್ಮ ಬಂಧುವರ್ಗದಲ್ಲಿ ಪುರಾಣದ ಸ್ಥಾನ ಪಡೆದಿವೆ. ಚಂಡೀಗಢದಿಂದ ಮನಾಲಿಗೆ ಸುಮಾರು 300 ಕಿಲೋಮೀಟರ್. ಬಿಲಾಸ್‌ಪುರ, ಮಂಡಿ, ಕುಲ್ಲು ದಾಟಿ, ಬಿಯಾಸ್ ನದಿಯ ಜೊತೆಜೊತೆಗೇ ಏರುತ್ತ, ಸಂಜೆಯ ಹೊತ್ತಿಗೆ ಸಮುದ್ರಮಟ್ಟದಿಂದ 2000 ಮೀಟರಿಗೂ ಮೇಲಿರುವ ಮನಾಲಿಯನ್ನು ಸುಖವಾಗಿ ಮುಟ್ಟಿದೆವು. ದಾರಿಯುದ್ದಕ್ಕೂ ಭಾವನವರ ಕೈ ಒಮ್ಮೆಯೂ ಅಳುಕಲಿಲ್ಲ. "ನೋಡಿದಿರಾ, ಎಲ್ಲ ಘಟ್ಟವೂ ಒಂದೇ" ಎಂದರು.

ನಾವು ಇಳಿದುಕೊಂಡ ವಸತಿಗೃಹದ ಅಂಗಳದಲ್ಲಿ ಊರಿನವನೇ ಆದ ಚಾಲಕನೊಬ್ಬ ಕುಳಿತು ಚಹಾ ಕುಡಿಯುತ್ತಿದ್ದ. ಐವತ್ತು ದಾಟಿದ ಮನುಷ್ಯ. ತಲೆಯ ಮೇಲೆ ಕುಲ್ಲುವಿನ ಬಣ್ಣದ ಟೋಪಿ. ನಮ್ಮ ಕಾರಿನ ಚಕ್ರಗಳನ್ನು ಒಮ್ಮೆ ನೋಡಿ, ನಾಳೆ ಎಲ್ಲಿಗೆ ಎಂದು ಕೇಳಿದ. ಸೋಲಂಗ್ ಎಂದೆವು. "ಹಿಮ ಬಿದ್ದು ಎರಡು ದಿನವಾಯಿತು, ದಾರಿಯನ್ನು ತೆರವು ಮಾಡಿದ್ದಾರೆ. ಆದರೂ ಹತ್ತು ಗಂಟೆಗೆ ಮುಂಚೆ ಹೊರಡಬೇಡಿ. ಮೂರು ಗಂಟೆಯ ಮೇಲೆ ಅಲ್ಲಿರಬೇಡಿ" ಎಂದ. ಏಕೆಂದು ನಾವು ಕೇಳಲಿಲ್ಲ, ಅವನೂ ಹೇಳಲಿಲ್ಲ. ಹದಿಮೂರು ಕಿಲೋಮೀಟರ್ ದಾರಿಗೆ ಇಷ್ಟು ಪಂಚಾಂಗವೇ ಎಂದು ಭಾವನವರು ನನ್ನತ್ತ ತಿರುಗಿ ನಕ್ಕರು. ನಾನೂ ನಕ್ಕೆ. ಜನಜಂಗುಳಿ ಸೇರುವ ಮೊದಲೇ ಹೋಗಿಬಿಡೋಣವೆಂದು ಬೆಳಗ್ಗೆ ಏಳೂವರೆಗೆ ಹೊರಟುಬಿಟ್ಟೆವು. ಹಾಗೆ ಹೊರಡಬೇಕೆಂದು ಒತ್ತಾಯಿಸಿದವನು ನಾನೇ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು.

ಇಲ್ಲಿ ಕನ್ನಡದ ಮೇಷ್ಟರಾಗಿ ಒಂದು ಮಾತು ಹೇಳಲು ಓದುಗರು ಅಪ್ಪಣೆ ಕೊಡಬೇಕು. ನಮ್ಮ ನುಡಿಯಲ್ಲಿ ಮಂಜು ಎಂಬ ಒಂದೇ ಪದ ಮೂರು ನಾಲ್ಕು ಸಂಸಾರಗಳನ್ನು ತೂಗಿಸುತ್ತದೆ. ಮಡಿಕೇರಿಯಲ್ಲಿ ಕಣ್ಣಿಗೆ ಕವಿಯುವುದೂ ಮಂಜು, ಧನುರ್ಮಾಸದ ಬೆಳಗಿನಲ್ಲಿ ಹುಲ್ಲಿನ ಮೇಲೆ ಹೊಳೆಯುವುದೂ ಮಂಜು, ಹಿಮಾಲಯದಲ್ಲಿ ಬೀಳುವುದೂ ಮಂಜು. ಇದು ಭಾಷೆಯ ದೋಷವಲ್ಲ. ನಮಗೆ ಬೇರೆ ಬೇರೆ ಹೆಸರುಗಳ ಅಗತ್ಯ ಬೀಳಲಿಲ್ಲ, ಅಷ್ಟೆ. ಆದರೆ ಹಿಮದ ದಾರಿಯಲ್ಲಿ ವಾಹನ ನಡೆಸುವವನಿಗೆ ಈ ಭೇದಗಳು ಜೀವದ ಪ್ರಶ್ನೆ. ಆಗತಾನೆ ಬಿದ್ದ ಹತ್ತಿಯಂಥ ಹಿಮ ಒಂದು ಬಗೆ. ಅದರಲ್ಲಿ ಚಕ್ರಕ್ಕೆ ಸ್ವಲ್ಪ ಹಿಡಿತ ಸಿಗುತ್ತದೆ. ನೂರು ವಾಹನಗಳು ತುಳಿದು ಗಟ್ಟಿಯಾದ ಹಿಮ ಇನ್ನೊಂದು ಬಗೆ, ಅದು ಜಾರುತ್ತದೆ. ಹಗಲು ಕರಗಿ ರಸ್ತೆಯ ಮೇಲೆ ಹರಿದ ನೀರು ರಾತ್ರಿ ಹೆಪ್ಪುಗಟ್ಟಿದರೆ ಮೂರನೆಯ ಬಗೆ, ಅದು ಗಾಜು. ಈ ಗಾಜಿಗೆ ಬಣ್ಣವಿಲ್ಲ. ಕೆಳಗಿನ ಡಾಂಬರು ಅದರ ಮೂಲಕ ಕಪ್ಪಗೆ ಕಾಣುವುದರಿಂದ ರಸ್ತೆ ಬರಿದೇ ಒದ್ದೆಯಾಗಿದೆಯೆಂದು ನಾವು ತಿಳಿಯುತ್ತೇವೆ. ಬಿಳಿಯ ಹಿಮಕ್ಕೆ ಎಲ್ಲರೂ ಹೆದರುತ್ತಾರೆ. ಕೊಲ್ಲುವುದು ಹೆಚ್ಚಾಗಿ ಈ ಕಪ್ಪು ಹಿಮ.

ನಮ್ಮ ದಾರಿಯಲ್ಲಿಯೂ ಆದದ್ದು ಅದೇ. ಮನಾಲಿಯಿಂದ ಐದಾರು ಕಿಲೋಮೀಟರ್ ಮೇಲಕ್ಕೆ ನೆಹರೂ ಕುಂಡ ಎಂಬ ಚಿಲುಮೆಯಿದೆ. ಅದನ್ನು ದಾಟಿದೆವು. ಆಕಾಶ ನಿರ್ಮಲವಾಗಿತ್ತು. ಶಿಖರಗಳ ಮೇಲೆ ಮಾತ್ರ ಬಿಸಿಲು. ಕಣಿವೆಯಲ್ಲಿ ಇನ್ನೂ ನೆರಳು. ಎಡಗಡೆ ಕೆಳಗೆ ಬಿಯಾಸ್ ನದಿ, ಬಲಗಡೆ ದೇವದಾರು ಮರಗಳ ಸಾಲು. ರಸ್ತೆ ಕಪ್ಪಗೆ, ಶುಭ್ರವಾಗಿ ಕಾಣುತ್ತಿತ್ತು. ಒಂದು ತಿರುವಿನ ಆಚೆ ದಾರಿ ಸ್ವಲ್ಪ ಇಳಿದು, ತೊರೆಯೊಂದರ ಮೇಲಿನ ಚಿಕ್ಕ ಸೇತುವೆಯನ್ನು ಹಾಯುತ್ತಿತ್ತು. ವೇಗ ನಲವತ್ತಕ್ಕಿಂತ ಕಡಿಮೆ. ಭಾವನವರು ಸಹಜವಾಗಿ ಬ್ರೇಕ್ ಒತ್ತಿದರು. ಕಾಲ ಕೆಳಗೆ ಏನೋ ಕಟಕಟನೆ ನಡುಗಿತು. ಕಾರು ಮಾತ್ರ ನಿಲ್ಲಲಿಲ್ಲ. ಅವರು ಇನ್ನೂ ಬಲವಾಗಿ ಒತ್ತಿದರು, ಸ್ಟೀರಿಂಗನ್ನು ಬಲಕ್ಕೆ ತಿರುಗಿಸಿದರು. ಚಕ್ರಗಳು ಬಲಕ್ಕೆ ತಿರುಗಿದವು. ಕಾರು ತನ್ನ ಪಾಡಿಗೆ ಎಡಕ್ಕೇ ಹೊರಟಿತು. ಶಬ್ದವಿಲ್ಲ, ಆತುರವಿಲ್ಲ. ದೇವರ ತೇರು ಸಾಗಿದಂತೆ ಗಂಭೀರವಾಗಿ ಅದು ನದಿಯ ಅಂಚಿನತ್ತ ಸಾಗಿತು. ಹಿಂದಿನಿಂದ ನನ್ನಾಕೆ ನನ್ನ ಭುಜವನ್ನು ಹಿಡಿದದ್ದು ನೆನಪಿದೆ. ದಾರಿ ತೆರವು ಮಾಡುವ ಯಂತ್ರ ಪಕ್ಕಕ್ಕೆ ತಳ್ಳಿದ್ದ ಹಿಮದ ದಿಣ್ಣೆಯೊಂದು ಅಂಚಿನಲ್ಲಿತ್ತು, ಸೊಂಟದೆತ್ತರ ಇದ್ದಿರಬಹುದು. ಕಾರಿನ ಮೂತಿ ಅದರೊಳಗೆ ಮೆತ್ತಗೆ ಹೊಕ್ಕು ನಿಂತಿತು.

ಯಾರೂ ಮಾತನಾಡಲಿಲ್ಲ. ಕೊನೆಗೆ ಮಗಳು, "ಮಾವ, ಕಾರು ಏಕೆ ನಿನ್ನ ಮಾತು ಕೇಳಲಿಲ್ಲ?" ಎಂದು ಕೇಳಿದಳು. ಇಪ್ಪತ್ತು ವರ್ಷಗಳ ಅನುಭವಸ್ಥರ ಬಳಿ ಅದಕ್ಕೆ ಉತ್ತರವಿರಲಿಲ್ಲ. ಹಿಮಾಚಲವೆಂಬ ಪದವನ್ನು ಬಿಡಿಸಿ ಹೇಳುವಾಗ ಅಚಲವೆಂದರೆ ಚಲಿಸದಿರುವುದು, ಪರ್ವತ, ಎಂದು ತರಗತಿಯಲ್ಲಿ ಎಷ್ಟೋ ಸಲ ವಿವರಿಸಿದ್ದೇನೆ. ಅಚಲವಾಗಿದ್ದುದು ಪರ್ವತ ಮಾತ್ರ, ಅದರ ಮೇಲಿರುವ ನಾವಲ್ಲ ಎಂಬ ಟಿಪ್ಪಣಿಯನ್ನು ಅಂದು ಸೇರಿಸಿಕೊಂಡೆ.

ಸ್ವಲ್ಪ ಹೊತ್ತಿಗೆ ಹಿಂದಿನಿಂದ ಸರಕು ಸಾಗಿಸುವ ಚಿಕ್ಕ ವಾಹನವೊಂದು ಬಂತು. ಅದರ ಚಾಲಕ ನಮ್ಮಿಂದ ಬಹುದೂರದಲ್ಲೇ, ಸಮತಟ್ಟಾದ ಜಾಗ ನೋಡಿ ನಿಲ್ಲಿಸಿದ. ಸಹಾಯಕ್ಕೆ ಬರುವವನು ಹತ್ತಿರವೇ ನಿಲ್ಲಿಸಬಾರದೇ ಎಂದುಕೊಂಡೆ. ಆಮೇಲೆ ತಿಳಿಯಿತು: ಒಂದು ವಾಹನ ಜಾರಿದ ಜಾಗದಲ್ಲಿ ಎರಡನೆಯದೂ ಜಾರುತ್ತದೆ, ಅದೂ ಮೊದಲನೆಯದರ ಮೇಲೆಯೇ. ಅವನು ಒಂದು ಚೀಲ ಮರಳನ್ನು ಹೆಗಲಿಗೇರಿಸಿ, ರಸ್ತೆಯ ಅಂಚಿನಲ್ಲೇ ಹೆಜ್ಜೆಯೂರುತ್ತ ಬಂದ. ನನ್ನ ಹೆಂಡತಿಯನ್ನೂ ಮಗಳನ್ನೂ ಮೊದಲು ಕೆಳಗಿಳಿಸಿ, ಬೆಟ್ಟದ ಮಗ್ಗುಲಿಗೆ ಕಳುಹಿಸಿದ. ಮರಳನ್ನು ಚಕ್ರಗಳ ಹಿಂದೆ ಚೆಲ್ಲಿ, "ಎಕ್ಸಿಲರೇಟರ್ ತುಳಿಯಬೇಡಿ, ಸುಮ್ಮನೆ ಮುಟ್ಟಿ" ಎಂದ. ಕಾರು ಹಿಂದಕ್ಕೆ ಬಂತು. ಹಣ ಕೊಡಹೋದರೆ ತೆಗೆದುಕೊಳ್ಳಲಿಲ್ಲ. ಒಂದು ಚೀಲ ಮರಳು ತುಂಬಿಸಿ ಇಟ್ಟುಕೊಳ್ಳಿ, ನಾಳೆ ಇನ್ನೊಬ್ಬರಿಗೆ ಬೇಕಾಗುತ್ತದೆ, ಎಂದಷ್ಟೇ ಹೇಳಿ ಹೊರಟುಹೋದ.

ಈಗ ನಿಜವಾದ ಪರೀಕ್ಷೆ ಬಂತು. ಸೋಲಂಗ್‌ಗೆ ಉಳಿದದ್ದು ಐದಾರು ಕಿಲೋಮೀಟರ್. ಮಗಳು ಶಿಖರದ ಕಡೆ ಕೈತೋರಿಸಿ ಅಳಲಾರಂಭಿಸಿದಳು. ಭಾವನವರು ಹಿಂತಿರುಗೋಣವೆಂದರು. "ಇಷ್ಟು ದೂರ ಬಂದು..." ಎಂದು ನಾನು ರಾಗವೆಳೆದೆ. ಓದುಗರೇ, ಬೆಟ್ಟದ ದಾರಿಯಲ್ಲಿ ಈ ಎರಡು ಮೂರು ಪದಗಳಷ್ಟು ಅಪಾಯಕಾರಿಯಾದುವು ಬೇರೆ ಇರಲಾರವು. ವಿಮಾನದ ಚೀಟಿ, ಕೋಣೆಯ ಮುಂಗಡ, ಸಿಕ್ಕ ಐದೇ ದಿನಗಳ ರಜೆ, ಬಂಧುಗಳಿಗೆಲ್ಲ ಹೇಳಿಕೊಂಡು ಬಂದ ಬಿಂಕ, ಇವೆಲ್ಲ ಸೇರಿ ಹಿಂದಿನ ಆಸನದಲ್ಲಿ ಕುಳಿತು ಚಾಲಕನನ್ನು ಮುಂದಕ್ಕೆ ತಳ್ಳುತ್ತವೆ. ಭಾವನವರು ನನಗೆ ಉತ್ತರ ಹೇಳಲಿಲ್ಲ. ಅಗಲವಾದ ಜಾಗ ಸಿಕ್ಕಿದಲ್ಲಿ ಕಾರನ್ನು ಹಿಂದಕ್ಕೆ ತಿರುಗಿಸಿದರು. ಆಗುಂಬೆಯ ವೀರಗಾಥೆಗಳನ್ನು ನಾನು ಎಷ್ಟೋ ಬಾರಿ ಕೇಳಿದ್ದೇನೆ. ಅವರ ಚಾಲನೆಯಲ್ಲಿ ನನಗೆ ಗೌರವ ಹುಟ್ಟಿದ್ದು ಆ ತಿರುವಿನಲ್ಲಿ.

ಊರಿಗೆ ಬಂದ ಮೇಲೆ ಈ ಪ್ರಸಂಗವನ್ನು ನಮ್ಮ ಕಾಲೇಜಿನ ಭೌತಶಾಸ್ತ್ರದ ಮಿತ್ರರಿಗೆ ಹೇಳಿದೆ. ಅವರು ಒಂದು ಕಾಗದ ತೆಗೆದು ಲೆಕ್ಕ ಹಾಕಿದರು. ಗಂಟೆಗೆ 40 ಕಿಲೋಮೀಟರ್ ವೇಗದ ಕಾರು, ಬ್ರೇಕ್ ಹಿಡಿದ ಮೇಲೆ, ಒಣಗಿದ ಡಾಂಬರಿನ ಮೇಲೆ ಸುಮಾರು 9 ಮೀಟರಿನಲ್ಲಿ ನಿಲ್ಲುತ್ತದೆ. ಗಟ್ಟಿಯಾಗಿ ತುಳಿದ ಹಿಮದ ಮೇಲೆ ಅದಕ್ಕೆ 30 ಮೀಟರಾದರೂ ಬೇಕು. ಹೆಪ್ಪುಗಟ್ಟಿದ ನೀರಿನ ಮೇಲೆ 60 ಮೀಟರ್. ಚಾಲಕನು ಅಪಾಯವನ್ನು ಕಂಡು ಕಾಲೆತ್ತುವ ಒಂದು ಸೆಕೆಂಡಿನಲ್ಲಿ ಸಾಗುವ 11 ಮೀಟರ್ ಇದಕ್ಕೆ ಹೊರತು. ಇದು ಸಮತಟ್ಟಾದ ರಸ್ತೆಯ ಲೆಕ್ಕ. ಹತ್ತು ಮೀಟರಿಗೆ ಒಂದು ಮೀಟರ್ ಇಳಿಯುವ ರಸ್ತೆಯಲ್ಲಿ ಈ ಗಾಜಿನ ಪದರವಿದ್ದರೆ? "ಬ್ರೇಕಿನಿಂದ ಕಾರು ನಿಲ್ಲುವುದೇ ಇಲ್ಲ. ಕೆಳಕ್ಕೆಳೆಯುವ ಬಲವೂ ಹಿಡಿದು ನಿಲ್ಲಿಸುವ ಬಲವೂ ಸಮಸಮವಾಗಿಬಿಡುತ್ತವೆ" ಎಂದರು ಮಿತ್ರರು. ಆದರೆ ಅದೇ ಕಾಗದದಲ್ಲಿ ಆಶ್ವಾಸನೆಯೂ ಇತ್ತು. ವೇಗವನ್ನು ಅರ್ಧಕ್ಕೆ ಇಳಿಸಿದರೆ ನಿಲ್ಲುವ ದೂರ ಕಾಲು ಭಾಗಕ್ಕೆ ಇಳಿಯುತ್ತದೆ. 60 ಮೀಟರ್ ಬೇಡಿದ ದಾರಿ 20 ಕಿಲೋಮೀಟರ್ ವೇಗದವನಿಗೆ 15 ಮೀಟರ್ ಸಾಕೆನ್ನುತ್ತದೆ. ನಿಧಾನವೇ ಪ್ರಧಾನ ಎಂದು ಹೇಳಿದವರು ಗಣಿತವನ್ನೂ ಬಲ್ಲವರಾಗಿರಬೇಕು.

ಮಾರನೆಯ ದಿನ ನಾವು ಆ ಟೋಪಿಯ ಚಾಲಕನ ಜೀಪಿನಲ್ಲೇ ಹೊರಟೆವು, ಅವನು ಹೇಳಿದ ಹತ್ತು ಗಂಟೆಗೆ. ರಾತ್ರಿ ಮತ್ತೆ ನಾಲ್ಕು ಬೆರಳಿನಷ್ಟು ಹಿಮ ಬಿದ್ದಿತ್ತು. ಭಾವನವರು ಮುಂದೆ ಕುಳಿತು, ಶಿಷ್ಯನು ಗುರುವನ್ನು ನೋಡುವಂತೆ ಅವನ ಕೈಕಾಲುಗಳನ್ನೇ ನೋಡುತ್ತಿದ್ದರು. ಹತ್ತು ಗಂಟೆಯ ರಹಸ್ಯ ಈಗ ತಿಳಿಯಿತು. ಬಿಸಿಲು ಕಣಿವೆಗೆ ಇಳಿದು, ರಾತ್ರಿಯ ಗಾಜನ್ನು ಮೆತ್ತಗೆ ಮಾಡುವುದು ಆ ಹೊತ್ತಿಗೆ. ಮೂರು ಗಂಟೆಯ ಮೇಲೆ ಬಿಸಿಲು ಬೆಟ್ಟದ ಹಿಂದೆ ಸರಿದು, ಕರಗಿದ್ದೆಲ್ಲ ಮರಳಿ ಹೆಪ್ಪುಗಟ್ಟಲು ತೊಡಗುತ್ತದೆ. ಬಿಸಿಲು ಬಂದ ಮೇಲೂ ನೆರಳಿನ ತಿರುವುಗಳಲ್ಲಿ, ಸೇತುವೆಗಳ ಮೇಲೆ, ತೊರೆ ಹಾಯುವ ಕಡೆಗಳಲ್ಲಿ ಅವನು ಮೊದಲೇ ವೇಗ ತಗ್ಗಿಸುತ್ತಿದ್ದ. ಸೇತುವೆಯ ಕೆಳಗೂ ಗಾಳಿಯಾಡುವುದರಿಂದ ಅದು ನೆಲದ ಮೇಲಿನ ರಸ್ತೆಗಿಂತ ಬೇಗ ತಣ್ಣಗಾಗುತ್ತದೆಯಂತೆ.

ಅವನ ಚಾಲನೆಯ ಸೂತ್ರವನ್ನು ಒಂದು ಮಾತಿನಲ್ಲಿ ಹೇಳುವುದಾದರೆ, ಮಾಡಬೇಕಾದುದನ್ನೆಲ್ಲ ಮುಂಚಿತವಾಗಿ ಮಾಡು, ಮೆತ್ತಗೆ ಮಾಡು. ಹಿಮದ ಮೇಲೆ ಹೊರಡುವಾಗ ಎರಡನೆಯ ಗೇರ್. ಮೊದಲನೆಯದರಲ್ಲಿ ಚಕ್ರ ನಿಂತಲ್ಲೇ ಸುತ್ತಿ ಹಿಮವನ್ನು ಗಾಜು ಮಾಡುತ್ತದೆ. ಇಳಿಜಾರು ಆರಂಭವಾಗುವ ಮೊದಲೇ ಕೆಳಗಿನ ಗೇರಿಗೆ ಬಂದು, ಎಂಜಿನ್ನೇ ವಾಹನವನ್ನು ಹಿಡಿದಿಡುವಂತೆ ಮಾಡುವುದು. ಬ್ರೇಕ್ ಎಂಬುದು ಕೊನೆಯ ಬಂಧು. ವೇಗವನ್ನು ತಿರುವಿಗೆ ಮುಂಚೆಯೇ ಕಳೆಯುವುದು. ತಿರುವಿನೊಳಗೆ ಬ್ರೇಕೂ ಇಲ್ಲ, ರಭಸವೂ ಇಲ್ಲ. ಜಾರಿದರೆ ಕಾಲನ್ನು ಮೇಲಕ್ಕೆತ್ತಿ, ಹೋಗಬೇಕಾದ ಕಡೆಗೆ ಕಣ್ಣು ನೆಟ್ಟು, ಸ್ಟೀರಿಂಗನ್ನು ಆ ಕಡೆಗೆ ಸ್ವಲ್ಪವೇ ತಿರುಗಿಸಿ, ಚಕ್ರಕ್ಕೆ ಹಿಡಿತ ಸಿಗುವ ತನಕ ಕಾಯುವುದು. ಕಣ್ಣು ಪ್ರಪಾತವನ್ನು ನೋಡಿದರೆ ಕೈಯೂ ಅತ್ತಲೇ ಹೋಗುತ್ತದೆಂದು ಅವನು ಹೇಳಿದ. ಎದುರಿನಿಂದ ವಾಹನ ಬಂದರೆ ಏರುವವನಿಗೆ ದಾರಿ ಬಿಡುವುದು. ಏರಿನಲ್ಲಿ ನಿಂತವನು ಹಿಮದ ಮೇಲೆ ಮತ್ತೆ ಹೊರಡಲಾರ. ಬೆಟ್ಟದ ಈ ಹಳೆಯ ನಿಯಮವನ್ನು ಬಯಲಿನಿಂದ ಬಂದವರು ಅರಿಯದೆ ಎಷ್ಟೋ ಕಡೆ ದಾರಿ ಕಟ್ಟುತ್ತಾರೆ.

ಪಲ್‌ಚಾನ್ ಎಂಬ ಹಳ್ಳಿಯ ಬಳಿ, ಸೋಲಂಗ್ ದಾರಿ ಕವಲೊಡೆಯುವ ಮುನ್ನ, ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ಚಕ್ರಗಳಿಗೆ ಕಬ್ಬಿಣದ ಸರಪಳಿ ತೊಡಿಸಿದ. ಇಲ್ಲಿಯವರೆಗೆ ಸರಾಗವಾಗಿ ಬಂದೆವಲ್ಲ ಎಂದು ನಾನು ಕೇಳಿದ್ದಕ್ಕೆ, ಸಿಕ್ಕಿಕೊಂಡ ಮೇಲೆ ಸರಪಳಿ ಹಾಕಲು ಆಗುವುದಿಲ್ಲ ಎಂದ. ಸರಪಳಿಯನ್ನು ಎಂಜಿನ್ನಿನ ಶಕ್ತಿ ಹರಿಯುವ ಚಕ್ರಗಳಿಗೆ ತೊಡಿಸಬೇಕು; ನಮ್ಮ ಬಹುಪಾಲು ಚಿಕ್ಕ ಕಾರುಗಳಲ್ಲಿ ಅವು ಮುಂದಿನ ಚಕ್ರಗಳು. ಸ್ವಲ್ಪ ದೂರ ಹೋಗಿ, ಇಳಿದು, ಮತ್ತೊಮ್ಮೆ ಬಿಗಿಯಬೇಕು. ಬರಿಯ ಡಾಂಬರು ಬಂದೊಡನೆ ಬಿಚ್ಚಿಡಬೇಕು. ಕಾಶ್ಮೀರದ ಗುಲ್ಮಾರ್ಗದಲ್ಲಿಯೂ ಹಿಮಜಾರಾಟದ ಮೈದಾನಕ್ಕೆ ಹೋಗುವವರು ತಂಗ್‌ಮಾರ್ಗ್‌ನಿಂದ ಮೇಲಿನ 13 ಕಿಲೋಮೀಟರ್ ದಾರಿಯನ್ನು ಹಿಮದ ದಿನಗಳಲ್ಲಿ ಸರಪಳಿಯಿಲ್ಲದೆ ಏರುವಂತಿಲ್ಲ. ನಾಲ್ಕೂ ಚಕ್ರಗಳಿಗೆ ಶಕ್ತಿಯುಳ್ಳ ವಾಹನವಾದರೆ ಭಯವಿಲ್ಲವೆಂದು ನಂಬಿದವರಿಗೂ ಅವನ ಬಳಿ ಉತ್ತರವಿತ್ತು: "ಹೊರಡಲು ನಾಲ್ಕು ಚಕ್ರಗಳ ಶಕ್ತಿ ನೆರವಾಗುತ್ತದೆ. ನಿಲ್ಲುವಾಗ ಎಲ್ಲ ಗಾಡಿಗೂ ನಾಲ್ಕೇ ಚಕ್ರ."

ವಾಹನದ ಆರೈಕೆಯ ಬಗ್ಗೆಯೂ ಒಂದೆರಡು ಮಾತು ನಮ್ಮ ಕಡೆಯವರಿಗೆ ಅಗತ್ಯ. ಬೆಂಗಳೂರು, ಮೈಸೂರುಗಳಲ್ಲಿ ರೇಡಿಯೇಟರಿಗೆ ನಲ್ಲಿಯ ನೀರು ಹೊಯ್ದು ಕೈ ತೊಳೆದುಕೊಳ್ಳುವ ಅಭ್ಯಾಸವುಂಟು. ನೀರು ಹೆಪ್ಪುಗಟ್ಟುವಾಗ ನೂರಕ್ಕೆ ಒಂಬತ್ತರಷ್ಟು ಹಿಗ್ಗುತ್ತದೆ; ಎಂಜಿನ್ನಿನೊಳಗೆ ಹಾಗೆ ಹಿಗ್ಗಿದರೆ ಕಬ್ಬಿಣವೂ ಬಿರಿಯುತ್ತದೆ. ಹೆಪ್ಪುಗಟ್ಟದ ದ್ರವವನ್ನೇ ತುಂಬಿಸಿಕೊಂಡು ಹೋಗಬೇಕು. ರಾತ್ರಿ ಸಮನೆಲದಲ್ಲಿ ಕಾರು ನಿಲ್ಲಿಸುವಾಗ ಕೈಬ್ರೇಕ್ ಎಳೆಯದೆ, ಗೇರಿನಲ್ಲಿಟ್ಟು, ಚಕ್ರಕ್ಕೆ ಕಲ್ಲು ಕೊಡುವುದು ಲೇಸು. ಎಳೆದ ಬ್ರೇಕ್ ಬೆಳಗ್ಗೆ ಹೆಪ್ಪುಗಟ್ಟಿ ಬಿಡಲೊಲ್ಲದು. ಗಾಜಿನ ಮೇಲೆ ಕಟ್ಟಿದ ಹಿಮಕ್ಕೆ ಬಿಸಿನೀರು ಸುರಿಯಬಾರದು, ಗಾಜೇ ಸೀಳೀತು. ಸವೆದ ಟೈರಿನಲ್ಲಿ ಬೆಟ್ಟ ಹತ್ತುವುದಂತೂ ಸವೆದ ಹಗ್ಗದಲ್ಲಿ ಬಾವಿಗೆ ಇಳಿದಂತೆ.

ಇಷ್ಟೆಲ್ಲ ಮಾಡಿದರೂ ದಾರಿಯಲ್ಲಿ ಸಿಕ್ಕಿಕೊಳ್ಳುವ ಸಂದರ್ಭ ಬಾರದೆ ಇರದು. ಸೋಲಂಗ್ ಆಚೆಗೆ, ರೋಹ್ತಾಂಗ್ ಕಣಿವೆದಾರಿಯ ಕೆಳಗೆ ಕೊರೆದ 9 ಕಿಲೋಮೀಟರ್ ಉದ್ದದ ಅಟಲ್ ಸುರಂಗ 2020ರ ಅಕ್ಟೋಬರಿನಲ್ಲಿ ತೆರೆಯಿತು. ಅಂದಿನಿಂದ ಚಳಿಗಾಲದಲ್ಲಿಯೂ ಜನ ಆಚೆಯ ಲಾಹೌಲಿನ ಹಿಮವನ್ನು ನೋಡಲು ಹೋಗುತ್ತಾರೆ. ಸುರಂಗದೊಳಗೆ ಹಿಮವಿಲ್ಲ, ನಿಜ. ಆದರೆ ಅದರ ಎರಡು ಬಾಯಿಗಳೂ 3000 ಮೀಟರಿಗಿಂತ ಎತ್ತರದಲ್ಲಿವೆ. 2024ರ ಡಿಸೆಂಬರಿನಲ್ಲಿ, ಕ್ರಿಸ್ಮಸ್ಸಿಗೆ ಮುಂಚಿನ ದಿನಗಳಲ್ಲಿ, ಒಮ್ಮೆಲೇ ಹಿಮ ಸುರಿದು ಸೋಲಂಗ್‌ಗೂ ಸುರಂಗಕ್ಕೂ ನಡುವೆ ಸುಮಾರು ಸಾವಿರ ವಾಹನಗಳು ಗಂಟೆಗಟ್ಟಲೆ ಸಿಕ್ಕಿಬಿದ್ದವು; ಪೊಲೀಸರು ಜನರನ್ನು ಬಿಡಿಸಿ ತಂದರು.

ಇದಕ್ಕಿಂತ ದಾರುಣವಾದ ಘಟನೆ ನೆರೆಯ ಪಾಕಿಸ್ತಾನದ ಮರೀ ಎಂಬ ಗಿರಿಧಾಮದಲ್ಲಿ ನಡೆಯಿತು. 2022ರ ಜನವರಿ 7ರ ರಾತ್ರಿ ಹಿಮ ನೋಡಲು ಹೋದ ಸಾವಿರಾರು ವಾಹನಗಳು ಅಲ್ಲಿಯ ದಾರಿಗಳಲ್ಲಿ ಹೂತುಹೋದವು. ಬೆಳಗಾಗುವಷ್ಟರಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ, ಅವರಲ್ಲಿ ಮಕ್ಕಳೂ ಸೇರಿ, ಕಾರುಗಳೊಳಗೇ ಕೊನೆಯುಸಿರೆಳೆದಿದ್ದರು. ಎಲ್ಲರನ್ನೂ ಕೊಂದದ್ದು ಚಳಿಯಲ್ಲ. ಬೆಚ್ಚಗಿರಲೆಂದು ಎಂಜಿನ್ ಓಡಿಸುತ್ತ ಗಾಜುಗಳನ್ನು ಮುಚ್ಚಿ ಮಲಗಿದವರ ಕಾರಿನ ಹೊಗೆ ಕೊಳವೆ ಹಿಮದಲ್ಲಿ ಮುಚ್ಚಿಹೋದರೆ, ಕಾರ್ಬನ್ ಮಾನಾಕ್ಸೈಡ್ ಎಂಬ ವಿಷವಾಯು ಒಳಗೇ ತುಂಬುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಆಮ್ಲಜನಕಕ್ಕಿಂತ ಇನ್ನೂರು ಪಟ್ಟು ಹೆಚ್ಚಿನ ಬಲದಿಂದ ಅದು ರಕ್ತವನ್ನು ಅಪ್ಪಿಕೊಳ್ಳುತ್ತದೆ. ತಲೆನೋವು, ತೂಕಡಿಕೆ, ನಿದ್ರೆ. ಆ ನಿದ್ರೆಯಿಂದ ಏಳುವುದು ಅಪರೂಪ. ಆದ್ದರಿಂದ ಹಿಮದಲ್ಲಿ ಸಿಕ್ಕಿಕೊಂಡವರು ಮೊದಲು ಇಳಿದು ಹೊಗೆ ಕೊಳವೆಯ ಸುತ್ತಲಿನ ಹಿಮವನ್ನು ತೆಗೆಯಬೇಕು. ಹಿಮ ಸುರಿಯುತ್ತಿದ್ದರೆ ಮತ್ತೆ ಮತ್ತೆ ತೆಗೆಯಬೇಕು. ಎಂಜಿನ್ನನ್ನು ಗಂಟೆಗೆ ಹತ್ತು ನಿಮಿಷಕ್ಕಿಂತ ಹೆಚ್ಚು ಓಡಿಸಬಾರದು. ಗಾಳಿಗೆ ಮರೆಯಾದ ಕಡೆಯ ಗಾಜನ್ನು ಒಂದು ಬೆರಳಿನಷ್ಟು ಇಳಿಸಿರಬೇಕು. ಎಲ್ಲರೂ ಒಟ್ಟಿಗೆ ಮಲಗಬಾರದು. ಕಂಬಳಿ, ನೀರು, ಬ್ಯಾಟರಿ ದೀಪ, ಒಂದು ಗುದ್ದಲಿ, ಆ ಮರಳಿನ ಚೀಲ, ನನ್ನಾಕೆಯ ಸಲಹೆಯಂತೆ ಒಂದು ಡಬ್ಬ ಚಕ್ಕುಲಿ, ಇಷ್ಟು ಕಾರಿನಲ್ಲಿರಲಿ. ಎಲ್ಲಕ್ಕಿಂತ ಮಿಗಿಲಾಗಿ, ಹಿಮದ ಮುನ್ಸೂಚನೆಯಿದ್ದ ದಿನ ಹೊರಡದಿರುವ ವಿವೇಕವಿರಲಿ. ಪೊಲೀಸರು ನೆಹರೂ ಕುಂಡದ ಬಳಿ ತಡೆದಾಗ ಅವರೊಡನೆ ವಾದಕ್ಕಿಳಿಯುವವರನ್ನು ನಾನು ಕಂಡಿದ್ದೇನೆ. ನಮ್ಮ ಎದುರಿಗೆ ಕೈಯೊಡ್ಡಿದವನು ಹಗೆಯಲ್ಲ.

ಮಗಳ ಆಸೆ ಅಂತೂ ಈಡೇರಿತು. ಬಾಡಿಗೆಯ ದಪ್ಪ ಉಡುಪಿನಲ್ಲಿ ಬದನೆಕಾಯಿಯಂತೆ ಕಾಣುತ್ತಿದ್ದ ಅವಳ ಕಾಲಿಗೆ ನಿಜವಾದ ಸ್ಕೀ ಹಲಗೆಗಳು ಬಂದವು. ಕಲಿಸುವ ಯುವಕ ಅವಳನ್ನು ದೊಡ್ಡ ಇಳಿಜಾರಿಗೆ ಒಯ್ಯಲಿಲ್ಲ; ನಮ್ಮ ಜಗಲಿಯಷ್ಟು ಎತ್ತರದ ದಿಬ್ಬದ ಮೇಲೆ ನಿಲ್ಲಿಸಿದ. ಹಲಗೆಗಳ ಮುಂತುದಿಗಳನ್ನು ಹತ್ತಿರ ತಂದು, ಹಿಂಬದಿಯನ್ನು ಅಗಲಿಸಿ, ಮೊಣಕಾಲು ಬಗ್ಗಿಸುವಂತೆ ಹೇಳಿದ. ಅರ್ಧ ಗಂಟೆ ಅದೊಂದೇ ಪಾಠ. "ಜಾರುವುದನ್ನು ಯಾವಾಗ ಹೇಳಿಕೊಡುತ್ತೀರಿ?" ಎಂದು ಅವಳು ಅಸಹನೆಯಿಂದ ಕೇಳಿದಳು. ಅವನು ನಕ್ಕು, "ಜಾರುವುದನ್ನು ಬೆಟ್ಟವೇ ಹೇಳಿಕೊಡುತ್ತದೆ. ನಾನು ಹೇಳಿಕೊಡುವುದು ನಿಲ್ಲುವುದನ್ನು" ಎಂದ. ಪಕ್ಕದಲ್ಲಿ ನಿಂತಿದ್ದ ಭಾವನವರು ನನ್ನ ಮುಖ ನೋಡಿದರು. ನಾನು ಬೇರೆ ಕಡೆ ನೋಡಿದೆ.

ಎರಡೂವರೆಗೆ ಟೋಪಿಯ ಚಾಲಕ ಬಂದು ಕರೆದ. ಬಿಸಿಲು ಇನ್ನೂ ಇತ್ತು. ಮಗಳು ಇನ್ನೊಂದೇ ಸಲ ಎಂದು ಬೇಡಿದಳು. ನನ್ನ ಬಾಯಿಗೆ ಮತ್ತೆ "ಇಷ್ಟು ದೂರ ಬಂದು" ಎಂಬ ಮಾತು ಬಂದೇಬಿಟ್ಟಿತ್ತು, ನುಂಗಿಕೊಂಡೆ. ಮನಾಲಿ ಮುಟ್ಟುವ ಹೊತ್ತಿಗೆ ಶಿಖರಗಳು ಕೆಂಪಾಗಿ, ಅಂಗಳದ ನಲ್ಲಿಯ ಕೆಳಗೆ ಚೆಲ್ಲಿದ್ದ ನೀರು ಗಾಜಾಗತೊಡಗಿತ್ತು. ಚಂಡೀಗಢಕ್ಕೆ ಹಿಂತಿರುಗುವ ದಿನ ಭಾವನವರು ಹತ್ತು ಗಂಟೆಯವರೆಗೂ ಕಾದು ಹೊರಟರು. ಕಾರಿನ ಹಿಂಬದಿಯಲ್ಲಿ ಒಂದು ಚೀಲ ಮರಳಿತ್ತು. ದಾರಿಯಲ್ಲಿ ಅದು ಯಾರಿಗೂ ಬೇಕಾಗಲಿಲ್ಲ; ಈಗಲೂ ಅವರ ಕಾರಿನಲ್ಲೇ ಇದೆಯಂತೆ.